ಚಾರ್ಜರ್ ಸತ್ಯಣ್ಣನ ಎಡಗಡೆ ಸೀಟು

ಮಿಷಿಗನ್ನಿನ ನಾರ್ತ್‌ವಿಲ್‌ನ ಕನ್ನಡದವರನ್ನು ಸತ್ಯನಾರಾಯಣರ ಮನೆ ಎಲ್ಲಿ ಎಂದು ಕೇಳಿದರೆ, "ಯಾರು, ಚಾರ್ಜರ್ ಸತ್ಯಣ್ಣನಾ?" ಎಂಬ ಮರುಪ್ರಶ್ನೆ ಬರುತ್ತಿತ್ತು. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ಇದನ್ನು ಕೇಳಿಸಿಕೊಂಡು, ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಬಹಳ ವಿನಯದಿಂದ ವಿಚಾರಿಸಿದ್ದ: "ಅಂಕಲ್, ನಿಮ್ಮನೇಲಿ ಚಾರ್ಜರ್ ಇದೆಯಂತಲ್ಲ. ವೀಕೆಂಡಲ್ಲಿ ನನ್ ಕಾರ್ ತಂದು ಸ್ವಲ್ಪ ಹೊತ್ತು ಹಾಕ್ಕೊಳ್ಲಾ?"

"ಅದಕ್ಕೇ ಹೊಟ್ಟೆಗೆ ಹಾಕಕ್ಕೆ ಆಗ್ತಿಲ್ಲ ಕಣಪ್ಪ, ನಿನ್ನ ಕಾರಿಗೆಲ್ಲಿಂದ ಹಾಕುತ್ತೆ," ಎಂದಿದ್ದ ಸತ್ಯಣ್ಣ.

ಅವನ ಗ್ಯಾರೇಜಿನಲ್ಲಿದ್ದದ್ದು ವೇಲಿಯಂಟ್ ಚಾರ್ಜರ್ ಎಂಬ, ಎಪ್ಪತ್ತೆರಡನೇ ಇಸವಿಯ, ಕಿತ್ತಳೆ ಬಣ್ಣದ, ಎರಡು ಬಾಗಿಲಿನ ಆಸ್ಟ್ರೇಲಿಯಾದ ಕಾರು. ಡೆಟ್ರಾಯಿಟಿನವರಿಗೂ ಚಾರ್ಜರ್ ಎಂಬ ಹೆಸರು ಗೊತ್ತು, ಆದರೆ ಅವರದು ಬೇರೆಯೇ ಪ್ರಾಣಿ. ಇದು ಅದೇ ಮನೆತನದ, ದೂರದೇಶಕ್ಕೆ ದತ್ತು ಹೋದ ಕೂಸು. ಆರು ಸಿಲಿಂಡರು, ಮೂರು ಕಾರ್ಬುರೇಟರು. ಎಬ್ಬಿಸಿದರೆ ಇಡೀ ಬಡಾವಣೆಯ ನಾಯಿಗಳು ಹಾಜರಿ ಹಾಕುತ್ತಿದ್ದವು. ಮಿಷಿಗನ್ನಿನ ಹಳೇ ಕಾರಿನ ಮೇಳಗಳಲ್ಲಿ ಇಂಥ ಇನ್ನೊಂದನ್ನು ನಾನು ಕಂಡಿಲ್ಲ. ಅಪರೂಪದ ಮಾಲಿನ ಕಷ್ಟ ವ್ಯಾಪಾರಿಗೆ ಗೊತ್ತು: ಎಲ್ಲರೂ ನೋಡುತ್ತಾರೆ, ಯಾರೂ ಕೂರುವುದಿಲ್ಲ. ಮಸ್ಟ್ಯಾಂಗ್ ಕಾರಿನವನ ಪಕ್ಕ ಇನ್ನೊಬ್ಬ ಮಸ್ಟ್ಯಾಂಗಿನವನು ಮಡಚುವ ಕುರ್ಚಿ ಹಾಕಿಕೊಂಡು ಸಂಜೆತನಕ ಹರಟುತ್ತಾನೆ. ಸತ್ಯಣ್ಣನೂ ಎರಡು ಕುರ್ಚಿ ಒಯ್ಯುತ್ತಿದ್ದ. ಒಂದು ಮಡಚಿಯೇ ಇರುತ್ತಿತ್ತು.

ಸ್ಟೀರಿಂಗು ಬಲಕ್ಕೆ, ನಮ್ಮೂರಿನ ಕಾರಿನ ಹಾಗೆ. ಅವನು ಮರುಳಾದದ್ದು ಅದಕ್ಕೇ. ಸತ್ಯಣ್ಣ ಆಟೋಮ್ಯಾಟಿಕ್ ಗೇರುಪೆಟ್ಟಿಗೆಯ ಇಂಜಿನಿಯರು, ಅಂದರೆ ಅಮೆರಿಕದವರ ಕೈಗೆ ಗೇರಿನ ಕೆಲಸವೇ ಇಲ್ಲದಂತೆ ಮಾಡಿ ಅದರಿಂದಲೇ ಹೊಟ್ಟೆ ಹೊರೆದವನು. ಕಂಪನಿಯವರು ಒಮ್ಮೆ ಬಿಸಿಲಿನಲ್ಲಿ ಗೇರುಪೆಟ್ಟಿಗೆ ಪರೀಕ್ಷಿಸಲು ಅಡಿಲೇಡಿಗೆ ಕಳಿಸಿದ್ದರು. ಅಲ್ಲಿ ಯಾವುದೋ ಪೆಟ್ರೋಲ್ ಬಂಕಿನ ಹಿಂದಿನ ಶೆಡ್ಡಿನಲ್ಲಿ ಇದು ನಿಂತಿತ್ತು. "ಸುಮ್ನೆ ಕೂತು ನೋಡ್ದೆ ಶಿವಣ್ಣ," ಎಂದು ನನ್ನೊಡನೆ ಎಷ್ಟೋ ಸಲ ಹೇಳಿದ್ದಾನೆ. "ಎಡಗೈ ತಾನಾಗೇ ಗೇರಿನ ಮೇಲೆ ಹೋಗಿ ಕೂತ್ಕೊಳ್ತು. ಹಾಸನ ಬಿಟ್ಟ ಮೇಲೆ ಆ ಕೈಗೆ ಕೆಲ್ಸಾನೇ ಇರ್ಲಿಲ್ಲ." ಒಂದು ಕೈಗೆ ಕೆಲಸ ಕೊಡಿಸಲು ಸಮುದ್ರ ದಾಟಿಸಿ ಕಾರು ತರಿಸಿದವನನ್ನು ನಾನು ಬೇರೆ ಕಂಡಿಲ್ಲ.

ಕಾರು ಬಂದ ದಿನ ಅವನ ಹೆಂಡತಿ ವಿನಿತಾ ಅದನ್ನು ಒಂದು ಸುತ್ತು ಹಾಕಿ, ಎಡಗಡೆ ಬಾಗಿಲು ತೆಗೆದು ಕೂತು ಹೇಳಿದಳಂತೆ: "ಮದ್ವೇಲಿ ಪುರೋಹಿತರು ಎಡಗಡೆ ಕೂರ್ಸಿದ್ರು. ಅಮೆರಿಕ ಬಲಗಡೆ ಕೂರ್ಸ್ತು. ಈಗ್ಲಾದ್ರೂ ಸರಿಯಾಯ್ತಲ್ಲ." ಒಳ್ಳೆಯ ವರ್ಷಗಳು ಅವು. ಮುಂದೆ ಆ ಸೀಟು ಮಗಳು ಜಾನ್ವಿಯ ಪಾಲಿಗೆ ಬಂತು. ಶನಿವಾರ ಅಪ್ಪ ಮಗಳು ಕರಿಬೇವು ತರಲು ಹೊರಟರೆ ಕಾಫಿ ಅಂಗಡಿಯ ಡ್ರೈವ್-ಥ್ರೂನಲ್ಲಿ ಒಂದು ನಾಟಕ. ಅಮೆರಿಕದ ಅಂಗಡಿಯ ಕಿಟಕಿ ಕಾರಿನ ಎಡಕ್ಕೇ ಬರುತ್ತದೆ, ಈ ಕಾರಿನ ಎಡಕ್ಕೆ ಎಂಟು ವರ್ಷದ ಹುಡುಗಿ. ಕಿಟಕಿಯವಳು ಗಾಬರಿಯಾಗಿ, "ನೀನೇನಾ ಡ್ರೈವ್ ಮಾಡ್ತಿರೋದು?" ಎಂದರೆ ಇವಳು ಮುಖ ಬಿಗಿದುಕೊಂಡು "ಯೆಸ್ ಮ್ಯಾಮ್" ಅನ್ನುತ್ತಿದ್ದಳು. ಡೋನಟ್ಟೊಂದು ಪುಕ್ಕಟೆ ಬರುತ್ತಿತ್ತು.

ಇಲ್ಲಿ ಸತ್ಯಣ್ಣನ ಅಪ್ಪನ ವಿಷಯ ಹೇಳಬೇಕು. ಅವರು ಹಾಸನ ಡಿಪೋದ ಬಸ್ ಕಂಡಕ್ಟರು. ಡ್ಯೂಟಿ ಇಳಿದರೂ ಅವರ ಬಾಯಿಂದ ಡ್ಯೂಟಿ ಇಳಿಯುತ್ತಿರಲಿಲ್ಲ. ಮನೆಯಲ್ಲೂ "ರೈಟ್" ಎಂದರೆ ಹೊರಡು, "ಹೋಲ್ಡಾನ್" ಎಂದರೆ ನಿಲ್ಲು. ಸಾರಿಗೆ ಸಾಕಾದರೆ ಹೋಲ್ಡಾನ್, ಎಲೆಯ ಮುಂದಿನಿಂದ ಏಳುವಾಗ ರೈಟ್. ಕರ್ನಾಟಕದಲ್ಲಿ ಒಮ್ಮೆ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿಷಿಗನ್ನಿನಲ್ಲಿ ಹುಟ್ಟಿದವರಿಗೆ ಹೇಳಬೇಕಿತ್ತು. ಸತ್ಯಣ್ಣನಿಗೆ ಅದು ಹೊಳೆದಿರಲಿಲ್ಲ.

ಜಾನ್ವಿಗೆ ಹದಿನೈದಾಗಿದ್ದಾಗ, ಸೇಬಿನ ತೋಟಕ್ಕೆ ಹೊರಟ ಒಂದು ಭಾನುವಾರ, ಎರಡೇ ಲೇನಿನ ಹಳ್ಳಿರಸ್ತೆಯಲ್ಲಿ ಮುಂದೆ ಒಂದು ಟ್ರ್ಯಾಕ್ಟರು ತೆವಳುತ್ತಿತ್ತು. ಇಲ್ಲಿ ಓವರ್‌ಟೇಕ್ ಮಾಡುವುದು ಎಡದಿಂದ. ಬಲಗಡೆ ಕೂತವನಿಗೆ ಟ್ರ್ಯಾಕ್ಟರಿನ ಬೆನ್ನು ಬಿಟ್ಟರೆ ಏನೂ ಕಾಣದು, ಎದುರಿನ ರಸ್ತೆ ಕಾಣುವುದು ಎಡಗಡೆಯವರಿಗೆ ಮಾತ್ರ. "ಹೋಗ್ಲಾ?" ಎಂದ ಅಪ್ಪ. ಎದುರಿನಿಂದ ಪಿಕಪ್ ಟ್ರಕ್ಕು ಬರುತ್ತಿತ್ತು. ಹುಡುಗಿ, ಬಲಕ್ಕೆ ಸರಿ ಎಂಬ ಅರ್ಥದಲ್ಲಿ, "ರೈಟ್! ರೈಟ್!" ಎಂದು ಕಿರುಚಿದಳು.

ಕಂಡಕ್ಟರನ ಮಗ ಎಡಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದ.

ಯಾರಿಗೂ ಏನೂ ಆಗಲಿಲ್ಲ. ಪಿಕಪ್ಪಿನವನು ಹೊಲಕ್ಕೆ ಇಳಿಸಿಕೊಂಡ. ಎಡಗಡೆಯ ಕನ್ನಡಿಯೊಂದು ಕಿತ್ತು ಹೋಯಿತು. ಮನೆ ತಲುಪಿದ ಮೇಲೆ ಮಗಳು ಗ್ಯಾರೇಜಿನಲ್ಲಿ ಇಳಿದು, "ಐ ಸೆಡ್ ರೈಟ್, ಡ್ಯಾಡ್," ಎಂದಳು. "ಹೌದಮ್ಮ, ರೈಟ್ ಅಂದೆ. ಅದಕ್ಕೇ ಹೋದೆ," ಎಂದ ಇವನು. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಒಬ್ಬರಾದರೂ ಸುಳ್ಳು ಹೇಳುವ ಜಗಳವನ್ನು ರಾಜಿ ಮಾಡಿಸಬಹುದು, ಇಂಥದ್ದನ್ನು ಆಗದು. ಒಳಗಿನಿಂದ ಬಂದ ವಿನಿತಾ ಮುರಿದ ಕನ್ನಡಿಯ ಬುಡ ನೋಡಿ, "ನಾವು ಹೇಳಿದ್ದು ನಿನಗೆ ಯಾವತ್ತು ಕೇಳ್ಸಿದೆ?" ಎಂದಳು. ಗಮನಿಸಿ, 'ಅವಳು' ಅನ್ನಲಿಲ್ಲ, 'ನಾವು' ಎಂದಳು.

ಜಾನ್ವಿ ಮತ್ತೆ ಆ ಸೀಟಿನಲ್ಲಿ ಕೂರಲಿಲ್ಲ. ಮರುವರ್ಷ ವಿನಿತಾಗೆ ನಾಲ್ಕೈದು ಗಂಟೆ ದಾರಿ ದೂರದ ಓಕ್ ಬ್ರೂಕ್‌ನ ಆಫೀಸೊಂದರಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಆರು ತಿಂಗಳ ಮಟ್ಟಿಗೆ ಎಂದು ಮಗಳನ್ನು ಕರೆದುಕೊಂಡು ಹೋದಳು. ಆರು ತಿಂಗಳು ಎನ್ನುವುದು ನಮ್ಮವರ ಬಾಯಲ್ಲಿ ಬಹಳ ಹಿಗ್ಗುವ ಅಳತೆ. ಡೈವೋರ್ಸ್ ಎಂಬ ಮಾತನ್ನು ಯಾರೂ ಆಡಲಿಲ್ಲ. ಗಂಡ ಹೆಂಡಿರ ನಡುವೆ ಐ-94 ಹೆದ್ದಾರಿ ಇತ್ತು, ಅಷ್ಟೇ. ಹಬ್ಬಕ್ಕೆ ಇವನು ದಿನಬಳಕೆಯ ಬೂದಿ ಬಣ್ಣದ ಕಾರಿನಲ್ಲಿ ಹೋಗುತ್ತಿದ್ದ, ಒಬ್ಬಟ್ಟು ತಿಂದು ವಾಪಸಾಗುತ್ತಿದ್ದ. ಅಲ್ಲಿ ಚಾರ್ಜರಿನ ಸುದ್ದಿ ಎತ್ತುವಂತಿರಲಿಲ್ಲ.

ನಾರ್ತ್‌ವಿಲ್‌ನಲ್ಲಿ ಶನಿವಾರದ ಕಾಫಿ ಮಾತ್ರ ನಿಲ್ಲಲಿಲ್ಲ. ಎಡಗಡೆ ಯಾರೂ ಇಲ್ಲದವನು ಡ್ರೈವ್-ಥ್ರೂನಲ್ಲಿ ಕಾಫಿ ಹೇಗೆ ತೆಗೆದುಕೊಳ್ಳುತ್ತಾನೆ? ರಿವರ್ಸಿನಲ್ಲಿ ಹೋಗುತ್ತಾನೆ. ಹಿಂದುಮುಂದಾಗಿ ಹೊಕ್ಕರೆ ಕಿಟಕಿ ಬಲಕ್ಕೆ ಬರುತ್ತದೆ. ಬೆಳಗ್ಗೆ ಆರಕ್ಕೆ, ಹಿಂದೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಹಾಸನದ ಕಂಡಕ್ಟರನ ಮಗ ಕತ್ತು ಹಿಂದಕ್ಕೆ ತಿರುಗಿಸಿಕೊಂಡು ಗುಡುಗುಡು ಎಂದು ಹಿಮ್ಮುಖವಾಗಿ ಹೊಕ್ಕು ಕಾಫಿ ಪಡೆಯುತ್ತಿದ್ದ. ಇದನ್ನು ಅವನು ಜೋಕಿನಂತೆ ಹೇಳಿದ. ನಾನೂ ಜೋಕಿನಂತೆ ನಕ್ಕೆ. 

ಹೋದ ಆಗಸ್ಟಿನಲ್ಲಿ ಕಂಪನಿಯವರು ಕೇಕು ಕತ್ತರಿಸಿ ಅವನನ್ನು ಮನೆಗೆ ಕಳಿಸಿದರು. ಮರುವಾರ ನನಗೆ ಫೋನು.

ನನ್ನದು ಓಕ್ ಬ್ರೂಕ್ ಪಕ್ಕದ ಲಿಸ್ಲ್‌ನಲ್ಲಿ ಹಳೇ ಕಾರಿನ ವ್ಯಾಪಾರ. ಊರು ಹುಬ್ಬಳ್ಳಿ. "ಶಿವಣ್ಣ, ಕಾರು ಮಾರ್ಬೇಕು," ಎಂದ.

"ಯಾವದ್ರೀ? ಆ ಬೂದಿ ಬಣ್ಣದ್ದೇನು?"

"ಬೇಡದ್ದನ್ನ ಮಾರಕ್ಕೆ ನೀನ್ಯಾಕೆ ಬೇಕು? ಚಾರ್ಜರ್."

ವಿನಿತಾಳನ್ನು ಅವನೇ ಕೇಳಿದ್ದನಂತೆ, ಅಲ್ಲಿಗೇ ಬಂದುಬಿಡಲಾ ಎಂದು. ಅವಳು "ಬಾ. ಅದು ಬೇಡ," ಎಂದಳಂತೆ. ಮೂರೇ ಪದ. ಅವಳ ಟೌನ್‌ಹೌಸಿನ ಗ್ಯಾರೇಜಿನಲ್ಲಿ ಒಂದೇ ಕಾರಿಗೆ ಜಾಗ ಎನ್ನುವುದು ಹೊರಗಿನವರಿಗೆ ಹೇಳುವ ಕಾರಣ. ಕಾರು ಹೋದರೆ ಮನೆಯೊಳಗೆ ಅವನಿಗೆ ಜಾಗ, ಕಾರು ಇದ್ದರೆ ಇಲ್ಲ. ವ್ಯವಹಾರ ಇಷ್ಟು ನೇರವಾಗಿತ್ತು.

"ಟ್ರೇಲರ್ ಕಳಸ್ತೇನ್ರೀ, ಮ್ಯಾಲೆ ಏರಿಸಿ ತರೂಣು," ಎಂದೆ.

"ಬೇಡ. ಓಡಿಸ್ಕೊಂಡೇ ಬರ್ತೀನಿ. ಒಂದು ಸಲ ಎಡಗಡೆ ಯಾರಾದ್ರೂ ಇರ್ಲಿ ಅಂತ. ಬರ್ತೀಯಾ?"

ಹೋದೆ. ಮಾಲನ್ನು ದಾರಿಯಲ್ಲೇ ಪರೀಕ್ಷಿಸಿದಂತೆಯೂ ಆಗುತ್ತದಲ್ಲ. ನಾರ್ತ್‌ವಿಲ್‌ನಲ್ಲಿ ಎಡಗಡೆ ಹತ್ತಿ ಕೂತ ನನಗೆ ಮೊದಲ ಹತ್ತು ಮೈಲಿ ಜೀವ ಕೈಯಲ್ಲಿತ್ತು. ಎದುರಿಗೆ ಸ್ಟೀರಿಂಗಿಲ್ಲ, ಕಾಲ ಕೆಳಗೆ ಬ್ರೇಕಿಲ್ಲ, ಪಕ್ಕದ ಲೇನಿನವರೆಲ್ಲ ನನ್ನನ್ನೇ ಡ್ರೈವರ್ ಎಂದುಕೊಂಡು ಹೆಬ್ಬೆರಳು ಎತ್ತುತ್ತಿದ್ದಾರೆ. ನಾನೂ ಎತ್ತಿದೆ. ಶ್ರಮವಿಲ್ಲದ ಕೀರ್ತಿಯನ್ನು ಬೇಡ ಅನ್ನಬಾರದು.

ಕನ್ನಡಿಯ ಕಥೆಯನ್ನು ಅವನು ಹೇಳಿದ್ದು ಈ ದಾರಿಯಲ್ಲೇ. ಎಡಗಡೆ ಬಾಗಿಲಿಗೆ ಯಾವುದೋ ಅಗ್ಗದ ಕರೀ ಕನ್ನಡಿ ಸಿಕ್ಕಿಸಿದ್ದ. ಒರಿಜಿನಲ್ ಹಾಕಿದರೆ ಒಳ್ಳೆಯ ಗಿರಾಕಿ ಬರುತ್ತಾನೆ ಎಂದು ನಾನು ವ್ಯಾಪಾರದ ಮಾತು ಎತ್ತಿದೆ.

"ಇದೆ ಒರಿಜಿನಲ್. ಡಿಕ್ಕೀಲಿದೆ. ಅಡಿಲೇಡಿಂದ ಆವಾಗ್ಲೇ ತರ್ಸಿದ್ದೆ."

"ಮತ್ತ ಹಚ್ಚಿಲ್ಲ ಯಾಕ್ರೀ?"

"ಜಾನ್ವಿ ಕೂತ ದಿನ ಹಾಕಣ ಅಂತ." ಆಮೇಲೆ ಎಲ್ಲವನ್ನೂ ಹೇಳಿದ. ಟ್ರ್ಯಾಕ್ಟರು, ಪಿಕಪ್ಪು, ಅಪ್ಪನ ರೈಟು, ಮಗಳ ರೈಟು.

ಕೇಳಿ ನಾನೆಂದೆ: "ಸತ್ಯಣ್ಣ, ಈಗಽ ಹೇಳಿ ಇಡತೇನಿ. ನಾ 'ಹೋಗ್ರೀ' ಅಂದ್ರ ಹೋಗ್ರಿ, 'ತಡೀರಿ' ಅಂದ್ರ ತಡೀರಿ. ನಡುವ ಇಂಗ್ಲಿಷ್ ಬ್ಯಾಡ. ನನಗ ಮನಿ ಮಾರು ಅದಾವು."

ಆ ದಿನ ಅವನು ನಕ್ಕದ್ದು ಆಗಲೇ.

ಜ್ಯಾಕ್ಸನ್ ಎಕ್ಸಿಟ್ಟಿನಲ್ಲಿ ಕಾಫಿಗೆ ಇಳಿದೆವು. ಡ್ರೈವ್-ಥ್ರೂ. ನೇರವಾಗಿ, ಮೂತಿ ಮುಂದಾಗಿ ಹೊಕ್ಕೆವು. ಕಿಟಕಿಯ ಹುಡುಗಿ ಸ್ಟೀರಿಂಗಿಲ್ಲದ ನನ್ನನ್ನು ನೋಡಿ, ಆಚೆ ಇಣುಕಿ ಅವನನ್ನು ನೋಡಿ, ಎರಡು ಲೋಟ ಕೊಟ್ಟಳು. ನಾನು ಒಂದನ್ನು ದಾಟಿಸಿದೆ. ಸತ್ಯಣ್ಣ ಅದನ್ನು ಹಿಡಿದುಕೊಂಡು ಗೇರು ಹಾಕುವುದನ್ನೇ ಮರೆತ. ಹಿಂದಿನವನು ಹಾರ್ನ್ ಮಾಡಿದ.

"ಏನಾತ್ರೀ?"

"ಏನಿಲ್ಲ. ಮುಂದಕ್ಕೇ ಬಂದ್ವಲ್ಲ ಅಂತ."

ಲಿಸ್ಲ್ ತಲುಪಿದ ಮೇಲೂ ಅವನು ಓಕ್ ಬ್ರೂಕ್‌ಗೆ ಹೋಗಲಿಲ್ಲ. ಮಾರಿದ ಮೇಲೇ ಹೋಗುತ್ತೇನೆ ಎಂದು ಹಟ. ಹತ್ತು ಮೈಲಿ ಆಚೆ ಹೆಂಡತಿ ಮಗಳು, ಇವನು ನಮ್ಮ ಬೇಸ್‌ಮೆಂಟಿನ ಸೋಫಾದ ಮೇಲೆ. ನನ್ನ ಹೆಂಡತಿ ನೀಲಾಂಬಿಕಾ ರೊಟ್ಟಿ ಬಡಿಸುತ್ತ, "ಅಲ್ರೀ ಅಣ್ಣಾರ, ಇಷ್ಟು ಸಮೀಪ ಬಂದು ಮನಿಗೆ ಹೋಗೂದಿಲ್ಲ ಅಂದ್ರ ಹೆಂಗ್ರೀ?" ಎಂದಳು. "ಬರೀ ಕೈಯಲ್ಲಿ ಹೋಗ್ಬೇಕಲ್ಲಮ್ಮ," ಎಂದ. ಎಲ್ಲರೂ ಬರಿಗೈಯಲ್ಲಿ ಹೋಗಬಾರದು ಎನ್ನುತ್ತಾರೆ. ಇವನಿಗೆ ಬರಿಗೈಯೇ ಉಡುಗೊರೆ.

ಶನಿವಾರ ಬಂದ ಗಿರಾಕಿ ನನ್ನ ಲೆಕ್ಕದಲ್ಲಿ ದೇವರು. ಚೌಕಾಸಿ ಇಲ್ಲ, ತಕರಾರಿಲ್ಲ, ಕಾರಿನ ಕೆಳಗೆ ಇಣುಕಲೂ ಇಲ್ಲ. ಹೀಟರ್ ಇರುವ ಗೋದಾಮಿನಲ್ಲಿ ಇಂಥ ಇಪ್ಪತ್ತು ನಿಲ್ಲಿಸಿಕೊಂಡಿದ್ದಾನಂತೆ. "ಓಡಿಸುವುದಿಲ್ಲವೇ?" ಎಂದು ಸತ್ಯಣ್ಣ ಕೇಳಿದ. "ಓಡಿಸುವುದಾ? ಟ್ರೇಲರಿನಿಂದ ಇಳಿಸುವುದೇ ಅಪರೂಪ," ಎಂದ ಅವನು ಹೆಮ್ಮೆಯಿಂದ. ಸತ್ಯಣ್ಣ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಸಾರಿ ಎಂದು ಅಂಗಡಿಯ ಹಿಂದಕ್ಕೆ ನಡೆದುಬಿಟ್ಟ.

ನನಗೆ ರೇಗಿತು. "ಸತ್ಯಣ್ಣ, ನಿಮಗ ಮಾರೂದೈತೋ, ಕನ್ಯಾ ಕೊಡೂದೈತೋ?"

"ಒಂದು ದಿನ ತಡಿ ಶಿವಣ್ಣ."

"ನಾ ತಡದೇನು. ಓಕ್ ಬ್ರೂಕಿನ್ಯಾಗ ತಡೀತಾರೇನು ಕೇಳ್ರಿ."

ಅವನು ಕೇಳಲಿಲ್ಲ. ಆ ಸಂಜೆ ವಿನಿತಾಳ ಫೋನು ಬಂದಾಗ, "ನಾಳೆ ಆಗುತ್ತೆ," ಎಂದಷ್ಟೇ ಹೇಳಿ ಇಟ್ಟ. ಅವಳೂ ಹೆಚ್ಚು ಕೇಳಿದಂತೆ ಕಾಣಲಿಲ್ಲ. ನಾಳೆಗಳ ಬಗ್ಗೆ ಅವಳಿಗೆ ಅನುಭವವಿತ್ತು.

ಭಾನುವಾರ ಬಂದವನು ನಿವೃತ್ತ ಹಲ್ಲಿನ ಡಾಕ್ಟರು. ಕಾರಿನ ಮೂತಿಯ ಗ್ರಿಲ್ಲನ್ನು ಬಾಯಿ ತೆರೆಸಿ ನೋಡಿದಂತೆ ನೋಡಿದ. ಜೊತೆಗೆ ಹೆಂಡತಿ, ಕೆಂಪು ಟೋಪಿಯ ದಪ್ಪ ಹೆಂಗಸು. ನನ್ನ ಅನುಭವದಲ್ಲಿ ಗಿರಾಕಿಯ ಹೆಂಡತಿ ಬಂದಳೆಂದರೆ ವ್ಯಾಪಾರ ಅರ್ಧ ಕೆಟ್ಟಂತೆ. ಈಕೆ ನೇರ ಹೋಗಿ ಎಡಗಡೆ ಬಾಗಿಲು ತೆಗೆದು ಕೂತಳು. ಅಭ್ಯಾಸಬಲದಿಂದ ಎರಡೂ ಕೈ ಮುಂದೆ ಚಾಚಿ ಸ್ಟೀರಿಂಗು ಹುಡುಕಿದಳು. ಸಿಗದಿದ್ದಾಗ ಹೊಟ್ಟೆ ಕುಲುಕಿಸಿ ನಕ್ಕಳು. ಬಲಗಡೆ ಕೂತ ಡಾಕ್ಟರೂ ನಕ್ಕ. ಕಾರು ನಿಂತಲ್ಲೇ ತೂಗಾಡಿತು. ಆ ಸೀಟಿನಿಂದ ನಗು ಬಂದು ಆರು ವರ್ಷವಾಗಿತ್ತು.

ಸತ್ಯಣ್ಣ ಕಿಟಕಿಗೆ ಬಗ್ಗಿ ಆಕೆಯನ್ನು ಕೇಳಿದ: "ಓವರ್‌ಟೇಕ್ ಮಾಡುವಾಗ ಅವರಿಗೆ ಏನೂ ಕಾಣುವುದಿಲ್ಲ. ನಿಮ್ಮನ್ನೇ ಕೇಳುತ್ತಾರೆ, ಹೋಗಲಾ ಅಂತ. ಏನು ಹೇಳುತ್ತೀರಿ?"

"ನಲವತ್ತು ವರ್ಷದಿಂದ ಹೇಳುತ್ತಿರುವುದನ್ನೇ," ಎಂದಳಾಕೆ. "ನೋಪ್."

"ಗುಡ್," ಎಂದ ಸತ್ಯಣ್ಣ. "ಒಂದೇ ಒಂದು ಕೋರಿಕೆ. ರೈಟ್ ಅಂತ ಮಾತ್ರ ಯಾವತ್ತೂ ಹೇಳಬೇಡಿ."

ಆಕೆಗೆ ಅರ್ಥವಾಗಲಿಲ್ಲ, ಆದರೂ ಆಗಲಿ ಎಂದಳು. ಎಷ್ಟಕ್ಕೆ ಹೋಯಿತು ಎಂಬುದು ಇಲ್ಲಿ ಬೇಡ, ಶನಿವಾರದವನು ಹೇಳಿದ್ದಕ್ಕಿಂತ ಕಡಿಮೆ ಎಂದರೆ ಸಾಕು. ಸತ್ಯಣ್ಣ ಡಿಕ್ಕಿಯಿಂದ ಒರಿಜಿನಲ್ ಕನ್ನಡಿಯನ್ನು ತೆಗೆದು, ನನ್ನ ಸ್ಕ್ರೂಡ್ರೈವರ್ ಇಸಿದುಕೊಂಡು, ಎಡಗಡೆ ಬಾಗಿಲಿಗೆ ತಾನೇ ಕೂರಿಸಿದ. ಅಂಗಿಯ ತೋಳಿನಿಂದ ಒರೆಸಿ, ಟೋಪಿಯಾಕೆಯ ಎತ್ತರಕ್ಕೆ ಹೊಂದಿಸಿಕೊಟ್ಟ. ಕಾರು ಗುಡುಗಿಕೊಂಡು ರಸ್ತೆಗಿಳಿಯಿತು. ಸದ್ದು ಪೂರ್ತಿ ಅಡಗುವವರೆಗೆ ಅವನು ಆ ಕಡೆಗೇ ಕಿವಿಯಾಗಿ ನಿಂತಿದ್ದ. ಆಮೇಲೆ ಮಗಳಿಗೆ ಫೋನು ಮಾಡಿ, "ಆಯ್ತು ಅಂತ ಅಮ್ಮಂಗೆ ಹೇಳು," ಎಂದ.

ಕರೆದೊಯ್ಯಲು ಬಂದದ್ದು ಜಾನ್ವಿ. ಇಪ್ಪತ್ತೊಂದರ ಹುಡುಗಿ, ಅಪ್ಪನ ಮೂಗು, ಅಮ್ಮನ ಬಿಗಿ. ಬಂದದ್ದು ಬ್ಯಾಟರಿ ಕಾರಿನಲ್ಲಿ, ಬಂದದ್ದೇ ಗೊತ್ತಾಗಲಿಲ್ಲ. "ಅಂಕಲ್, ಅಮ್ಮ ನಿಮ್ಮನ್ನೂ ಡಿನ್ನರಿಗೆ ಕರೆದಿದಾಳೆ. ಐ ವಿಲ್ ಡ್ರಾಪ್ ಯು ಬ್ಯಾಕ್," ಎಂದಳು. ನನ್ನ ಕಾರನ್ನು ನೀಲಾಂಬಿಕಾ ಒಯ್ದಿದ್ದಳು. ಊರಿಗೆಲ್ಲ ಕಾರು ಮಾರುವವನಿಗೆ ಓಡಾಡಲು ಕಾರಿಲ್ಲ. ಹಿಂದಿನ ಸೀಟಿಗೆ ಹತ್ತಿದೆ.

ಸತ್ಯಣ್ಣ ಚೀಲ ಹಿಡಿದು ಸೀದಾ ಬಲಗಡೆ ಬಾಗಿಲಿಗೆ ಹೋದ. ಕೂತ ಮೇಲೆ ನೋಡುತ್ತಾನೆ, ಎದುರಿಗೆ ಸ್ಟೀರಿಂಗಿಲ್ಲ. ಅದು ಮಗಳ ಮುಂದಿತ್ತು.

"ಗ್ಯಾರೇಜಲ್ಲಿ ಜಾಗ ಇದೆಯಾ ಹಾಗಾದ್ರೆ?" ಎಂದು ಸುಮ್ಮನೆ ಕೇಳಿದ.

"ಇಟ್ಸ್ ಎ ಬಿಟ್ ಟೈಟ್. ವಿ ಪುಟ್ ಇನ್ ಎ ಚಾರ್ಜರ್," ಎಂದಳು ಮಗಳು. ಹೇಳಿದ ಮೇಲೆ ಆ ಪದ ಅವಳಿಗೇ ಕೇಳಿಸಿರಬೇಕು. ಅಪ್ಪನ ಕಡೆ ಓರೆಗಣ್ಣಿನಲ್ಲಿ ನೋಡಿದಳು. "ಒಳ್ಳೇದೇ ಆಯ್ತು," ಎಂದ ಅವನು.

ನನ್ನ ಅಂಗಡಿಯಿಂದ ದೊಡ್ಡ ರಸ್ತೆಗೆ ಸಿಗ್ನಲ್ಲಿಲ್ಲ. ಬಲಕ್ಕೆ ಯಾವನೋ ದೊಡ್ಡ ವ್ಯಾನು ನಿಲ್ಲಿಸಿ ಹೋಗಿದ್ದ, ಸ್ಟೀರಿಂಗಿನವಳಿಗೆ ಆ ಕಡೆಯ ರಸ್ತೆ ಕಾಣದು. ಕಾಣುವುದು ಬಲಗಡೆ ಕೂತವನಿಗೆ. ಜಾನ್ವಿ ಎಡಕ್ಕೆ ನೋಡಿಕೊಂಡು, ನಿಂತು, ಕೇಳಿದಳು:

"ಡ್ಯಾಡ್, ಯುವರ್ ಸೈಡ್?"

ಅವನು ನೋಡಿದ. ರಸ್ತೆ ಖಾಲಿಯಿತ್ತು. ಹಿಂದಿನಿಂದ ಅವನ ದವಡೆ ಅಲುಗಿದ್ದು ನನಗೆ ಕಂಡಿತು. ಯಾವ ಪದಕ್ಕೆ ಬಾಯಿ ತೆರೆದ ಎಂದು ನನಗೆ ಗೊತ್ತಿತ್ತು. ಪದ ಹೊರಗೆ ಬರಲಿಲ್ಲ, ಅದರ ಬದಲಿಗೆ ಇನ್ನೊಂದೂ ಬರಲಿಲ್ಲ. 'ಹೋಗ್ರೀ' ಎಂದು ನನ್ನ ನಾಲಿಗೆ ತುರಿಸಿತು. ಆದರೆ ಅವಳು ಕೇಳಿದ್ದು ನನ್ನನ್ನಲ್ಲ. ಅಷ್ಟರಲ್ಲಿ ಲಾರಿಯೊಂದು ಹಾದುಹೋಯಿತು, ಅದರ ಹಿಂದೆ ಸಾಲು ಕಾರುಗಳು.

"ಡ್ಯಾಡ್?"

"ನೀನೇ ನೋಡ್ಕೊಂಡು ಹೋಗಮ್ಮ," ಎಂದ.

ಅವಳು ಸೀಟುಬೆಲ್ಟು ಎಳೆದುಕೊಂಡು ಮುಂದಕ್ಕೆ ಬಾಗಿ, ಅವನ ಎದೆಯ ಮುಂದಿನಿಂದ ಕತ್ತು ಚಾಚಿ, ತಾನೇ ನೋಡಿದಳು. ಸಾಲು ಮುಗಿಯುವವರೆಗೆ ಕಾದು, ಹೊರಟಳು.

ಕಾರು ಸದ್ದಿಲ್ಲದೆ ಸ್ವಲ್ಪ ದೂರ ಸಾಗಿತು.  ಸತ್ಯಣ್ಣನ ಎಡಗೈ ತೊಡೆಯಿಂದ ಜಾರಿ, ಎರಡು ಸೀಟುಗಳ ನಡುವೆ ಗೇರು ಇರಬೇಕಾದ ಕಡೆಗೆ ಹೋಯಿತು. ಅಲ್ಲಿದ್ದದ್ದು ಜಾನ್ವಿಯ ಕಾಫಿ ಲೋಟ. ಕೈ ಅದಕ್ಕೆ ತಾಗಿ, ನಾಚಿದಂತೆ ಪಕ್ಕದಲ್ಲೇ ನಿಂತಿತು.

ಜಾನ್ವಿ ರಸ್ತೆಯಿಂದ ಕಣ್ಣು ಕದಲಿಸದೆ ಆ ಕೈಗೆ ಜಾಗ ಬಿಟ್ಟು, ಲೋಟವನ್ನು ಎತ್ತಿ ತನ್ನ ಬಾಗಿಲ ಕಡೆಗೆ ಇಟ್ಟುಕೊಂಡಳು.